ಅರಿಶಿನ ಕೆಂಪಾಗಲಿಲ್ಲ, ಸುಣ್ಣದ ತಿಳಿ ಬೆಳ್ಳಗಾಗಲಿಲ್ಲ: ಅಡುಗೆಮನೆ ರಸಾಯನ ಪ್ರಯೋಗಗಳ ದೋಷ ನಿವಾರಣೆ

ನಲವತ್ತು ಮಕ್ಕಳು ಕಣ್ಣರಳಿಸಿ ಕುಳಿತಿದ್ದಾರೆ. ಉಸಿರಿನ ಇಂಗಾಲದ ಡೈಆಕ್ಸೈಡಿಗೆ ಬೆಳ್ಳಗಾಗಬೇಕಾದ ಸುಣ್ಣದ ತಿಳಿ, ಅಂದರೆ ಸುಣ್ಣ ಕರಗಿದ ತಿಳಿನೀರು, ಎಷ್ಟು ಊದಿದರೂ ತಿಳಿಯಾಗಿಯೇ ಇದೆ. ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. "ಬೆಳ್ಳಗಾಗಬೇಕಿತ್ತು, ಬರೆದುಕೊಳ್ಳಿ" ಎಂದು ಪಾಠ ಮುಂದಕ್ಕೆ ಹೋಗುತ್ತದೆ, ಇಲ್ಲವೇ ಸುಣ್ಣ, ನೀರು, ಲೋಟ ಎಲ್ಲವನ್ನೂ ಒಂದೇ ಸಲ ಬದಲಿಸಿ ಮತ್ತೆ ಮಾಡಲಾಗುತ್ತದೆ. ಎರಡರಿಂದಲೂ ದೋಷ ಎಲ್ಲಿತ್ತೆಂದು ಗೊತ್ತಾಗುವುದಿಲ್ಲ. ಮೊದಲನೆಯದಂತೂ, ಕಣ್ಣಿಗೆ ಕಂಡದ್ದನ್ನು ಬಿಟ್ಟು ಪುಸ್ತಕ ಹೇಳಿದ್ದನ್ನೇ ನಂಬಿ ಎಂದು ಮಕ್ಕಳಿಗೆ ಕಲಿಸಿದ ಹಾಗೆ.

ಅಡುಗೆಮನೆಯ ವಸ್ತುಗಳಲ್ಲಿ ಒಂದು ಅನುಕೂಲವಿದೆ: ಒಂದನ್ನು ಇನ್ನೊಂದರಿಂದ ಪರೀಕ್ಷಿಸಬಹುದು. ಕ್ಷಾರಕ್ಕೆ ಕೆಂಪಾಗುವ ಅರಿಶಿನ ಸುಣ್ಣವನ್ನು ಪರೀಕ್ಷಿಸುತ್ತದೆ, ವಿನೆಗರ್ ಸುಣ್ಣದ ಬಲ ಅಳೆಯುತ್ತದೆ, ಸುಣ್ಣದ ತಿಳಿ ಸೋಡಾದಿಂದ ಬಂದ ಅನಿಲವನ್ನು ಗುರುತಿಸುತ್ತದೆ. ಆದ್ದರಿಂದ ಪ್ರಯೋಗ ಕೆಟ್ಟಾಗ ವಿಧಾನವನ್ನು ಅನುಮಾನಿಸುವ ಮೊದಲು ಸಾಮಗ್ರಿಯನ್ನು ಪರೀಕ್ಷಿಸಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಪಕ್ಕದಲ್ಲಿ ಏನೂ ಸೇರಿಸದ ಇನ್ನೊಂದು ಲೋಟ ಹೋಲಿಕೆಗೆ ಇರಲೇಬೇಕು.

ಮೊದಲು ನೀರು

ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೈಕಾರ್ಬನೇಟುಗಳು ಕರಗಿರುತ್ತವೆ. ಪಾತ್ರೆಯ ತಳಕ್ಕೆ ಬಿಳಿ ಕಟ್ಟುವುದು ಇದರಿಂದಲೇ. ಈ ನೀರಿಗೆ ಸುಣ್ಣ ಬಿದ್ದೊಡನೆ ಸೀಮೆಸುಣ್ಣದಂಥ ಬಿಳಿ ಪುಡಿ ಹುಟ್ಟುತ್ತದೆ. ಹೀಗಾಗಿ ಊದುವ ಮೊದಲೇ ತಿಳಿ ಮಬ್ಬಾಗುತ್ತದೆ, ಸುಣ್ಣದ ಒಂದು ಪಾಲು ಅದರಲ್ಲೇ ಖರ್ಚಾಗುತ್ತದೆ. ದಾಸವಾಳದ ರಸ ಇದೇ ನೀರಿನಲ್ಲಿ ಏನೂ ಸೇರಿಸದೆಯೇ ನೀಲಿಗೆ ತಿರುಗುವುದುಂಟು.

ಪರೀಕ್ಷೆ ಸುಲಭ. ಅರ್ಧ ಬಾಟಲಿ ನೀರಿಗೆ ಮೈಸೋಪಿನ ನಾಲ್ಕೈದು ತುರಿ ಹಾಕಿ ಜೋರಾಗಿ ಕುಲುಕಿ. ನೊರೆ ಬದಲು ಬಿಳಿ ಕೆನೆಯಂಥ ಗಷ್ಟು ತೇಲಿದರೆ ಅದು ಗಡಸು ನೀರು. ಡಿಟರ್ಜೆಂಟ್ ಪುಡಿಯಿಂದ ಈ ಪರೀಕ್ಷೆ ಮಾಡಬೇಡಿ, ಅದು ಗಡಸು ನೀರಿನಲ್ಲೂ ನೊರೆ ಕೊಡುತ್ತದೆ. ಪ್ರಯೋಗಕ್ಕೆ ಆರ್‌ಒ ನೀರು ಸಾಕು. ಶುದ್ಧ ಪಾತ್ರೆಯಲ್ಲಿ ಹಿಡಿದ ಮಳೆನೀರೂ ಆದೀತು.

ಅರಿಶಿನ ಕಾಗದ ಕೆಂಪಾಗುತ್ತಿಲ್ಲ

ಅರಿಶಿನದ ಬಣ್ಣ ಕೊಡುವ ಕರ್ಕ್ಯುಮಿನ್ ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ನೀರಿನಲ್ಲಿ ಕಲಸಿ ಬಳಿದ ಕಾಗದದ ಮೇಲೆ ಪುಡಿ ಕೂತಿರುತ್ತದೆ ಅಷ್ಟೆ, ಹನಿ ಬಿದ್ದಾಗ ಪುಡಿಯೇ ಕೊಚ್ಚಿಹೋಗುತ್ತದೆ. ಒಂದು ಚಿಕ್ಕ ಚಮಚ ಪುಡಿಯನ್ನು 30 ಮಿಲಿ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಹತ್ತು ನಿಮಿಷ ನೆನೆಸಿ, ಬಟ್ಟೆಯಲ್ಲಿ ಸೋಸಿ, ಆ ಹಳದಿ ದ್ರವದಲ್ಲಿ ಕಾಗದ ಅದ್ದಿ ನೆರಳಿನಲ್ಲಿ ಒಣಗಿಸಿ. ಸ್ಪಿರಿಟ್ ಥಟ್ಟನೆ ಹೊತ್ತಿಕೊಳ್ಳುವಂಥದ್ದು. ಈ ಕೆಲಸದ ಹೊತ್ತಿಗೆ ಕೋಣೆಯಲ್ಲಿ ಒಲೆ, ದೀಪ, ಊದುಬತ್ತಿ ಯಾವುದೂ ಬೇಡ, ಕಿಟಕಿ ತೆರೆದಿರಲಿ. ಬಿಸಿಲಿನಲ್ಲಿ ಒಣಗಿಸಿದರೆ ಬಣ್ಣ ಹಾರಿಹೋಗುತ್ತದೆ. ಬಟ್ಟೆಗೆ ಅಂಟಿದ ಅರಿಶಿನದ ಕಲೆ ಬಿಸಿಲಿಗೆ ಹಾಕಿದಾಗ ಮಾಯವಾಗುವುದು ಇದೇ ಕಾರಣಕ್ಕೆ.

ಕಾಗದವೂ ಮುಖ್ಯ. ಝೆರಾಕ್ಸ್ ಅಂಗಡಿಯ ಎ4 ಹಾಳೆಗೆ ಸಾಮಾನ್ಯವಾಗಿ ಕ್ಯಾಲ್ಸಿಯಂ ಕಾರ್ಬನೇಟ್ ಭರ್ತಿ ಹಾಕಿರುತ್ತಾರೆ. ಅದು ತಾನೇ ತುಸು ಕ್ಷಾರ. ಫಿಲ್ಟರ್ ಕಾಗದ ಅಥವಾ ಬಿಳಿ ಟಿಶ್ಯೂ ಬಳಸಿ.

ಇಷ್ಟಾದರೂ ಕೆಂಪಾಗದಿದ್ದರೆ ಯಾವುದರ ಹನಿ ಹಾಕಿದ್ದೀರಿ ಎಂದು ನೋಡಿ. ಅರಿಶಿನ ಹಳದಿಯಿಂದ ಕೆಂಪುಗಂದಿಗೆ ತಿರುಗುವುದು ಪಿಎಚ್ (ಆಮ್ಲ–ಕ್ಷಾರದ ಅಳತೆ; 7 ತಟಸ್ಥ, ಮೇಲೆ ಕ್ಷಾರ, ಕೆಳಗೆ ಆಮ್ಲ) 7.4ರಿಂದ 8.6ರ ನಡುವೆ. ಅಡುಗೆ ಸೋಡಾದ ದ್ರಾವಣ 8.3ರ ಸುತ್ತಮುತ್ತ ಇರುತ್ತದೆ, ಅಂದರೆ ಹೊಸ್ತಿಲ ಮೇಲೆ. ಅದರಿಂದ ಕೇಸರಿ ಬಂದರೆ ಪ್ರಯೋಗ ಸರಿಯಾಗಿದೆ ಎಂದೇ ಅರ್ಥ. ಗಾಢ ಕೆಂಪು ಬೇಕಿದ್ದರೆ ಅದೇ ಸೋಡಾವನ್ನು ಒಣ ಬಾಣಲೆಯಲ್ಲಿ ಹತ್ತು ನಿಮಿಷ ಹುರಿದು, ಆರಿದ ಮೇಲೆ ನೀರಿಗೆ ಹಾಕಿ. ಬಿಸಿಗೆ ಅದು ಇಂಗಾಲದ ಡೈಆಕ್ಸೈಡನ್ನೂ ನೀರನ್ನೂ ಬಿಟ್ಟುಕೊಟ್ಟು ವಾಷಿಂಗ್ ಸೋಡಾ ಆಗಿರುತ್ತದೆ. ಹುರಿದದ್ದು, ಹುರಿಯದ್ದು ಎರಡರ ಹನಿಯನ್ನೂ ಒಂದೇ ಕಾಗದದ ಮೇಲೆ ಪಕ್ಕಪಕ್ಕ ಹಾಕಿ ತೋರಿಸಿದರೆ ಅದೇ ಒಂದು ಒಳ್ಳೆಯ ಪಾಠ. ಶಾಂಪೂ, ಫೇಸ್‌ವಾಶ್, ಪಾತ್ರೆ ತೊಳೆಯುವ ಲಿಕ್ವಿಡ್‌ಗಳು ಬಹುಪಾಲು ತಟಸ್ಥದ ಹತ್ತಿರವೇ ಇರುತ್ತವೆ. "ಸೋಪು ಕ್ಷಾರ" ಎಂಬ ಪಾಠದ ಮಾತನ್ನು ಅವುಗಳಿಗೆ ಹಚ್ಚಿದರೆ ಕಾಗದ ಹಳದಿಯಾಗಿಯೇ ಉಳಿಯುತ್ತದೆ.

ಹೊಸ ಸುಣ್ಣಕ್ಕೂ ವಾಷಿಂಗ್ ಸೋಡಾಕ್ಕೂ ಕಾಗದ ಹಳದಿಯಾಗಿಯೇ ನಿಂತರೆ ಅನುಮಾನ ಪುಡಿಯ ಮೇಲೆ. ಬಿಡಿ ಅರಿಶಿನಕ್ಕೆ ಮೆಟಾನಿಲ್ ಹಳದಿ ಎಂಬ ಬಣ್ಣ ಬೆರೆಸುವುದುಂಟು, ಅದು ಕ್ಷಾರಕ್ಕೆ ಕೆಂಪಾಗದು. ಆ ಬಣ್ಣ ಆಮ್ಲದಲ್ಲಿ ಗುಲಾಬಿಯಾಗುತ್ತದೆ ಎಂದು ನಿಂಬೆರಸ ಹಿಂಡಿ ನೋಡುವವರಿದ್ದಾರೆ. ಆದರೆ ಅದು ತಿರುಗಲು ಪಿಎಚ್ 2.3ಕ್ಕಿಂತ ಕೆಳಗೆ ಇಳಿಯಬೇಕು, ನಿಂಬೆ, ವಿನೆಗರ್ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಗುಲಾಬಿ ಬರಲಿಲ್ಲವೆಂದು ಪುಡಿ ಶುದ್ಧ ಎಂದುಕೊಳ್ಳಬೇಡಿ, ಹಾಗೆಂದು ಟಾಯ್ಲೆಟ್ ಆಸಿಡ್‌ಗೂ ಕೈ ಹಾಕಬೇಡಿ. ಅರಿಶಿನದ ಕೊಂಬು ತಂದು ಕಲ್ಲಿನ ಮೇಲೆ ತೇಯ್ದು ಅದರಿಂದ ಕಾಗದ ಮಾಡಿ. ಆ ಕಾಗದ ಕೆಂಪಾದರೆ ತಪ್ಪು ಪುಡಿಯದು. ಉಳಿದ ಪುಡಿಯನ್ನು ಅಡುಗೆಗೂ ಬಳಸಬೇಡಿ.

ಕೆಂಪಾದದ್ದು ಸ್ವಲ್ಪ ಹೊತ್ತಿನಲ್ಲೇ ಮಾಸಿ ಕಂದಾಗುವುದು ದೋಷವಲ್ಲ. ಕ್ಷಾರದಲ್ಲಿ ಕರ್ಕ್ಯುಮಿನ್ ಬೇಗ ಒಡೆಯುತ್ತದೆ. ಆರತಿಯ ಓಕುಳಿಗೆ ಅರಿಶಿನ, ಸುಣ್ಣವನ್ನು ಆಗಿಂದಾಗಲೇ ಕಲಸಿದರೆ ಕೆಂಪು ಚೆನ್ನಾಗಿರುವುದೂ ಇದರಿಂದಲೇ.

ಸುಣ್ಣದ ತಿಳಿ ಬೆಳ್ಳಗಾಗುತ್ತಿಲ್ಲ

ಹೆಚ್ಚು ಸಲ ಕೈಕೊಡುವುದು ಈ ಪ್ರಯೋಗವೇ. ಸ್ವಲ್ಪ ಎಚ್ಚರ ಬೇಡುವುದೂ ಇದೇ.

ಬಳಸಬೇಕಾದದ್ದು ಎಲೆ ಅಡಿಕೆಗೆ ಹಚ್ಚುವ ಬಿಳಿ ಸುಣ್ಣ. ನೀರು ಹಾಕಿದರೆ ಕುದಿಯುವ ಸುಟ್ಟ ಸುಣ್ಣದ ಕಲ್ಲನ್ನು ಶಾಲೆಯೊಳಗೆ ತರಲೇಬೇಡಿ. ಎಲೆ ಅಡಿಕೆಯ ಸುಣ್ಣವೂ ಕಣ್ಣಿಗೆ ಬಿದ್ದರೆ ಅಪಾಯಕಾರಿ: ಪ್ಯಾಕೆಟ್ ಹಿಂಡುವಾಗ ಸಿಡಿದು ಮಕ್ಕಳ ಕಣ್ಣು ಸುಟ್ಟ ಪ್ರಕರಣಗಳನ್ನು ನಮ್ಮ ದೇಶದ ಕಣ್ಣಿನ ವೈದ್ಯರು ದಾಖಲಿಸಿದ್ದಾರೆ. ಪ್ಯಾಕೆಟ್ಟನ್ನು ದೊಡ್ಡವರೇ ಕತ್ತರಿಯಿಂದ ತೆರೆಯಲಿ, ಕನ್ನಡಕ ಹಾಕಿಕೊಂಡಿರಲಿ. ಕಣ್ಣಿಗೆ ಬಿದ್ದರೆ ಉಜ್ಜದೆ, ಕಾಣುವ ಸುಣ್ಣದ ಚೂರನ್ನು ಒದ್ದೆ ಬಟ್ಟೆಯಿಂದ ತೆಗೆಯುತ್ತಾ, ಕೂಡಲೇ ಹರಿಯುವ ನೀರಿನಲ್ಲಿ ಕಡಿಮೆಯೆಂದರೆ 20 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಕಣ್ಣಿಗೆ ವಿನೆಗರ್ ಹಾಕಿ "ಸರಿಮಾಡುವ" ಕೆಲಸ ಸರ್ವಥಾ ಬೇಡ.

ತಿಳಿ ಮಾಡುವ ಕ್ರಮ: ಒಂದು ಲೀಟರ್ ಆರ್‌ಒ ನೀರಿಗೆ ಒಂದು ಚಮಚ ಸುಣ್ಣ ಹಾಕಿ, ಮುಚ್ಚಳ ಬಿಗಿದು, ಚೆನ್ನಾಗಿ ಕುಲುಕಿ, ರಾತ್ರಿಯಿಡೀ ಬಿಡಿ. ಕರಗುವುದು ಲೀಟರಿಗೆ 1.7 ಗ್ರಾಂ ಮಾತ್ರ, ಮಿಕ್ಕದ್ದು ತಳಕ್ಕೆ ಕೂರಬೇಕು. ತಳದಲ್ಲಿ ಸುಣ್ಣ ಉಳಿದಿದ್ದರೆ ತಿಳಿ ಪೂರ್ತಿ ಬಲದ್ದು ಎಂದು ಲೆಕ್ಕ. ಬಿಸಿನೀರು ಹಾಕಿದರೆ ಹೆಚ್ಚು ಕರಗೀತೆಂಬ ಆಸೆ ಇಲ್ಲಿ ತಿರುಗುಬಾಣ. ಸುಣ್ಣ ಬಿಸಿಯಲ್ಲಿ ಕರಗುವುದು ತಣ್ಣಗಿನದಕ್ಕಿಂತ ಕಡಿಮೆ. ಮೇಲಿನ ತಿಳಿಯನ್ನು ಕದಡದಂತೆ ಬಗ್ಗಿಸಿ, ಫಿಲ್ಟರ್ ಕಾಗದದಲ್ಲಿ ಸೋಸಿ, ಬಾಟಲಿಯ ಕತ್ತಿನವರೆಗೂ ತುಂಬಿ ಮುಚ್ಚಿ. ಮೇಲೆ ತೆಳು ಬಿಳಿ ಪೊರೆ ಕಟ್ಟಿದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಕೆಲಸ ಮಾಡಿದೆ ಎಂದರ್ಥ. ಪೊರೆ ಸರಿಸಿ ಬಳಸಿ.

ಬೆಳ್ಳಗಾಗದಿದ್ದರೆ ಮೊದಲು ಸುಣ್ಣ ನೋಡಿ. ಕಡಲೆಬೀಜದಷ್ಟು ಸುಣ್ಣದ ಮೇಲೆ ಅರ್ಧ ಚಮಚ ವಿನೆಗರ್ ಹಾಕಿ. ಒಳ್ಳೆಯ ಸುಣ್ಣ ನಾಲ್ಕಾರು ಗುಳ್ಳೆ ಬಿಟ್ಟು ಕರಗುತ್ತದೆ. ಬುಸುಬುಸು ಎಂದು ನೊರೆಗಟ್ಟಿದರೆ ಅದು ಗಾಳಿಗೆ ಒಣಗಿ ಆಗಲೇ ಸೀಮೆಸುಣ್ಣದ ಜಾತಿಗೆ ಸೇರಿದೆ, ಅದರಿಂದ ತಿಳಿ ಬರುವುದಿಲ್ಲ.

ಆಮೇಲೆ ತಿಳಿಯ ಬಲ. ಇಲ್ಲಿ ಅರಿಶಿನ ಕಾಗದ ಮೋಸ ಮಾಡುತ್ತದೆ. ಹತ್ತು ಪಾಲು ನೀರು ಬೆರೆಸಿದ ತಿಳಿಯೂ ಕಾಗದವನ್ನು ಅಷ್ಟೇ ಕೆಂಪಾಗಿಸುತ್ತದೆ, ಎಷ್ಟು ಬಲ ಎಂದು ಹೇಳುವುದಿಲ್ಲ. ಬಲ ಅಳೆಯಲು 30 ಮಿಲಿ ತಿಳಿಗೆ ಅರಿಶಿನದ ಸ್ಪಿರಿಟ್ ದ್ರಾವಣ ನಾಲ್ಕು ಹನಿ ಹಾಕಿ ಕೆಂಪು ಮಾಡಿ. ಸೂಜಿ ತೆಗೆದ 5 ಮಿಲಿ ಸಿರಿಂಜಿನಿಂದ ವಿನೆಗರನ್ನು ಹನಿಹನಿಯಾಗಿ ಬಿಡುತ್ತಾ ಲೋಟ ಆಡಿಸಿ. ಹನಿ ಬಿದ್ದಲ್ಲಿ ಹಳದಿ ಚುಕ್ಕೆ ಮೂಡಿ ಮತ್ತೆ ಕೆಂಪಿನಲ್ಲಿ ಕರಗಿಹೋಗುತ್ತದೆ. ಕೊನೆಗೊಂದು ಹನಿಗೆ ಇಡೀ ಲೋಟ ಹಳದಿಯಾಗಿ ನಿಲ್ಲುತ್ತದೆ. 4 ಶೇಕಡಾ ವಿನೆಗರ್ ಆದರೆ ಪೂರ್ತಿ ಬಲದ ತಿಳಿಗೆ ಸುಮಾರು 2 ಮಿಲಿ ಬೇಕು. ಅರ್ಧ ಮಿಲಿಗೇ ಹಳದಿಯಾದರೆ ತಿಳಿ ನೀರಾಗಿದೆ, ಚೆಲ್ಲಿ ಹೊಸದು ಮಾಡಿ. ಕೆಂಪು ತಾನಾಗಿಯೂ ಮಾಸುವುದರಿಂದ ಈ ಅಳತೆಯನ್ನು ಒಂದೆರಡು ನಿಮಿಷದಲ್ಲಿ ಮುಗಿಸಿ.

ಮೂರನೆಯ ದೋಷ ಊದುವುದರಲ್ಲಿ. ನಾವು ಬಿಡುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 4 ಶೇಕಡಾ. ಸ್ಟ್ರಾದಲ್ಲಿ ಜೋರಾಗಿ ಊದಿದರೆ ದೊಡ್ಡ ಗುಳ್ಳೆಗಳು ಕರಗಲು ಸಮಯವಿಲ್ಲದೆ ಮೇಲೆ ಹಾರುತ್ತವೆ. ಜೊತೆಗೆ ಪುಟ್ಟ ಮಕ್ಕಳು ಊದುವ ಬದಲು ಹೀರಿಬಿಡುತ್ತಾರೆ. ತಿಳಿಯ ಪಿಎಚ್ 12.4, ಗಂಟಲು ಸುಡುವಷ್ಟು. ಸ್ಟ್ರಾ ವಿಧಾನ ಬಿಟ್ಟು ಹೀಗೆ ಮಾಡುವುದೇ ಮೇಲು: ಎರಡು ಒಣ, ಖಾಲಿ 500 ಮಿಲಿ ಬಾಟಲಿ ತೆಗೆದುಕೊಳ್ಳಿ. ಒಂದನ್ನು ಹಾಗೇ ಮುಚ್ಚಿಡಿ. ಇನ್ನೊಂದರ ತಳಕ್ಕೆ ಸ್ಟ್ರಾ ಇಳಿಸಿ, ಉಸಿರನ್ನು ತುಸು ಹಿಡಿದು, ಬಾಟಲಿಯೊಳಗೆ ನಾಲ್ಕೈದು ಸಲ ನಿಧಾನವಾಗಿ ಬಿಡಿ. ಸ್ಟ್ರಾ ತೆಗೆದು ಕೂಡಲೇ ಮುಚ್ಚಿ. ಈಗ ಎರಡಕ್ಕೂ 30 ಮಿಲಿ ತಿಳಿ ಸುರಿದು, ಮುಚ್ಚಳ ಬಿಗಿದು, ಅರ್ಧ ನಿಮಿಷ ಕುಲುಕಿ. ಉಸಿರಿನ ಬಾಟಲಿಯಲ್ಲಿರುವುದು ಸುಮಾರು 20 ಮಿಲಿ ಅನಿಲ, 30 ಮಿಲಿ ತಿಳಿಗೆ ಬೇಕಾದದ್ದು 17 ಮಿಲಿ. ಅಳೆದು ಕೊಟ್ಟಂತಿದೆ. ಬಾಟಲಿ ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ಬರೀ ಗಾಳಿಯ ಬಾಟಲಿಯಲ್ಲಿರುವ ಅನಿಲ 0.2 ಮಿಲಿ ಅಷ್ಟೇ, ಅದು ತಿಳಿಯಾಗಿ ಉಳಿಯುತ್ತದೆ. ಸ್ಟ್ರಾ ಬಾಯಲ್ಲಿರುವಾಗ ಬಾಟಲಿಯಲ್ಲಿ ದ್ರವವೇ ಇಲ್ಲದ್ದರಿಂದ ಹೀರುವ ಭಯವೂ ಇಲ್ಲ. ಸುಣ್ಣದ ತಿಳಿಯಿಂದ ಈ ಅನಿಲವನ್ನು ಗುರುತಿಸುವ ದಾರಿಯನ್ನು 1750ರ ದಶಕದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಹಾಕಿಕೊಟ್ಟರು. ಇವತ್ತಿಗೂ ಇದಕ್ಕಿಂತ ಸರಳ ಪರೀಕ್ಷೆ ಇಲ್ಲ.

ಬೆಳ್ಳಗಾಗಿ ಮತ್ತೆ ತಿಳಿಯಾಯಿತೇ? ಅನಿಲ ಹೆಚ್ಚಾಗಿದೆ. ಬಿಳಿ ಕಾರ್ಬನೇಟ್ ಕರಗುವ ಬೈಕಾರ್ಬನೇಟ್ ಆಗಿದೆ. ಸೋಡಾ–ವಿನೆಗರ್ ಬಲೂನಿನ ಅನಿಲ ಹಾಯಿಸುವವರಿಗೆ ಇದು ಕಟ್ಟಿಟ್ಟ ಬುತ್ತಿ. ಒಂದು ಬಲೂನಿನ ಅನಿಲ ಆ 30 ಮಿಲಿಗೆ ಬೇಕಾದದ್ದಕ್ಕಿಂತ ಎಂಬತ್ತು ಪಟ್ಟು ಹೆಚ್ಚು, ಬಿಳಿ ಬಂದು ಹೋದದ್ದೇ ಗೊತ್ತಾಗುವುದಿಲ್ಲ. ತಿಳಿಯಾದದ್ದನ್ನು ಪಾತ್ರೆಯಲ್ಲಿ ಕುದಿಸಿ, ಬಿಳಿ ಮರಳಿ ಬರುತ್ತದೆ. ಬಿಸಿನೀರಿನ ಹಂಡೆಯ ತಳದಲ್ಲಿ ಕಟ್ಟುವ ಬಿಳಿಯ ಕಥೆಯೂ ಇದೇ.

ಬಲೂನು ಉಬ್ಬುತ್ತಿಲ್ಲ

5 ಗ್ರಾಂ ಅಡುಗೆ ಸೋಡಾಕ್ಕೆ, ಅಂದರೆ ಒಂದು ಮಟ್ಟಸ ಟೀ ಚಮಚಕ್ಕೆ, 4 ಶೇಕಡಾ ವಿನೆಗರ್ 90 ಮಿಲಿ ಬೇಕು. ಪೂರ್ತಿ ಪ್ರತಿಕ್ರಿಯೆ ಆದರೆ 1.4 ಲೀಟರಿನಷ್ಟು ಅನಿಲ ಬಂದು ಬಲೂನು ಸುಮಾರು 14 ಸೆಂಟಿಮೀಟರ್ ಅಡ್ಡಳತೆಗೆ ಉಬ್ಬಬೇಕು. ಸಾಮಾನ್ಯ ತಪ್ಪೆಂದರೆ ಎರಡು ಚಮಚ ವಿನೆಗರಿಗೆ ಎರಡು ಚಮಚ ಸೋಡಾ ಸುರಿಯುವುದು. ಸೋಡಾ ತಳದಲ್ಲಿ ಹಾಗೇ ಕೂರುತ್ತದೆ. ಇನ್ನಷ್ಟು ಸೋಡಾ ಹಾಕಿ ಏನೂ ಆಗದು, ವಿನೆಗರ್ ಹಾಕಬೇಕು. ನಿಂಬೆಹಣ್ಣಿನಿಂದ ಮಾಡುವವರು ಗಮನಿಸಿ: ಒಂದು ರಸಭರಿತ ಹಣ್ಣಿನ 25 ಮಿಲಿ ರಸ ಸುಧಾರಿಸುವುದು 2 ಗ್ರಾಮಿಗಿಂತ ಕಡಿಮೆ ಸೋಡಾವನ್ನು.

ಅಳತೆ ಸರಿಯಿದ್ದೂ ಉಬ್ಬದಿದ್ದರೆ ಡಬ್ಬಿಯಲ್ಲಿರುವುದು ಯಾವ ಸೋಡಾ ಎಂದು ನೋಡಿ. ಒಂದು ಚಿಟಿಕೆಗೆ ಬರೀ ಬೆಚ್ಚನೆ ನೀರು ಹಾಕಿದಾಗಲೇ ನೊರೆ ಬಂದರೆ ಅದು ಬೇಕಿಂಗ್ ಪೌಡರ್. ಅದರಲ್ಲಿ ಆಮ್ಲವೂ ಪಿಷ್ಟವೂ ಮೊದಲೇ ಬೆರೆತಿರುತ್ತವೆ, ಗ್ರಾಮಿಗೆ ಬರುವ ಅನಿಲ ಕಡಿಮೆ. ವಿನೆಗರಿನ ಮೊದಲ ಹನಿಗಳಿಗೆ ಗುಳ್ಳೆಯೇ ಬರದೆ, ಸುರಿಯುತ್ತಾ ಹೋದಂತೆ ಬಂದರೆ ಅದು ವಾಷಿಂಗ್ ಸೋಡಾ. ಮೊದಲ ಪಾಲು ಆಮ್ಲ ಅದನ್ನು ಅಡುಗೆ ಸೋಡಾ ಮಾಡುವುದಕ್ಕೇ ಖರ್ಚಾಗುತ್ತದೆ.

ಬಲೂನನ್ನು ಮೊದಲು ಬಾಯಲ್ಲಿ ಊದಿ ಸಡಿಲ ಮಾಡಿ, ಸೋಡಾವನ್ನು ಬಲೂನಿನೊಳಗೆ, ವಿನೆಗರನ್ನು ಬಾಟಲಿಗೆ ಹಾಕಿ, ಕತ್ತಿಗೆ ರಬ್ಬರ್ ಬ್ಯಾಂಡ್ ಸುತ್ತಿ ಆಮೇಲೆ ಬಲೂನು ಎತ್ತಿ. ನೊರೆ ಬಲೂನಿಗೇ ಏರಿದರೆ ಬಾಟಲಿಯಲ್ಲಿ ಸೋಪು ಉಳಿದಿದೆ. ಮರುದಿನಕ್ಕೆ ಬಲೂನು ಸೊರಗಿದ್ದರೆ ತೂತು ಹುಡುಕಬೇಡಿ, ಇಂಗಾಲದ ಡೈಆಕ್ಸೈಡ್ ರಬ್ಬರಿನ ಮೂಲಕ ಸಾಮಾನ್ಯ ಗಾಳಿಗಿಂತ ಬೇಗ ಸೋರುತ್ತದೆ. ಬಲೂನು ಬಿಟ್ಟು ಬಾಟಲಿಗೆ ಮುಚ್ಚಳ ತಿರುಗಿಸುವುದು ಮಾತ್ರ ಎಂದಿಗೂ ಬೇಡ, ಬಾಟಲಿ ಒಡೆಯುತ್ತದೆ.

ದಾಸವಾಳ, ಬೀಟ್‌ರೂಟ್, ಪುನರ್ಪುಳಿ

ಕೆಂಪು ದಾಸವಾಳದ ನಾಲ್ಕು ಹೂವಿನ ಎಸಳನ್ನು 50 ಮಿಲಿ ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟರೆ ಸಾಕು. ಕುದಿಸುತ್ತಾ ಹೋದರೆ ಬಣ್ಣ ಕಂದಾಗುತ್ತದೆ. ಆಮ್ಲಕ್ಕೆ ಕಡು ಗುಲಾಬಿ, ಕ್ಷಾರಕ್ಕೆ ಹಸಿರು. ರಸ ಮರುದಿನಕ್ಕೆ ಹುಳಿಯುತ್ತದೆ, ದಿನದ್ದು ದಿನಕ್ಕೆ ಮಾಡಿ.

ಬೀಟ್‌ರೂಟ್ ರಸಕ್ಕೆ ನಿಂಬೆ ಹಿಂಡಿದರೂ ಅಡುಗೆ ಸೋಡಾ ಹಾಕಿದರೂ ಹೆಚ್ಚೇನೂ ಆಗುವುದಿಲ್ಲ. ಅದರದ್ದು ಬೇರೆಯೇ ಜಾತಿಯ ಬಣ್ಣ, ಸುಣ್ಣದಂಥ ತೀಕ್ಷ್ಣ ಕ್ಷಾರಕ್ಕೆ ಮಾತ್ರ ಹಳದಿಯಾಗುತ್ತದೆ. ಕೆಂಪು ದಂಟಿನ ಸೊಪ್ಪೂ ಹಾಗೆಯೇ. ಕರಾವಳಿ, ಮಲೆನಾಡಿನಲ್ಲಿ ಪುನರ್ಪುಳಿ ಬಳಸುವವರಿಗೆ "ನಿಂಬೆರಸಕ್ಕೆ ಬಣ್ಣ ಬದಲಾಗಲಿಲ್ಲ" ಎಂಬ ತೊಡಕು ಬರುತ್ತದೆ. ಹಣ್ಣೇ ಹುಳಿ, ಅದು ಆಮ್ಲದ ಬಣ್ಣದಲ್ಲೇ ಇದೆ. ಸೋಡಾ ಚಿಟಿಕೆ ಚಿಟಿಕೆಯಾಗಿ ಹಾಕುತ್ತಾ ಹೋಗಿ, ಹುಳಿ ಮುರಿದ ಮೇಲೆ ಕೆಂಪು ತಿರುಗಲು ಶುರುವಾಗುತ್ತದೆ.

ಅಯೋಡಿನ್ ನೀಲಿ ಬರುತ್ತಿಲ್ಲ

ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಒಂದು ಹನಿಯನ್ನು ಹತ್ತು ಹನಿ ನೀರಿಗೆ ಬೆರೆಸಿ ಅನ್ನದ ಗಂಜಿಗೆ ಹಾಕಿ. ಗಂಜಿ ಬಿಸಿಯಿದ್ದರೆ ನೀಲಿ ನಿಲ್ಲುವುದಿಲ್ಲ, ಆರಿದಾಗ ಬರುತ್ತದೆ. ಮಾದರಿಯಲ್ಲಿ ನಿಂಬೆರಸವಿದ್ದರೆ ವಿಟಮಿನ್ ಸಿ ಅಯೋಡಿನ್ನಿನ ಬಣ್ಣವನ್ನೇ ತೆಗೆದುಬಿಡುತ್ತದೆ. ಇನ್ನು ಅಯೋಡಿನ್ ಉಪ್ಪನ್ನು ಗಂಜಿಗೆ ಹಾಕಿ ನೀಲಿಗೆ ಕಾಯುವುದು ವ್ಯರ್ಥ: ನಮ್ಮ ಉಪ್ಪಿನಲ್ಲಿರುವುದು ಪೊಟ್ಯಾಸಿಯಂ ಅಯೋಡೇಟ್, ಅದು ಪಿಷ್ಟಕ್ಕೆ ತಾನಾಗಿ ನೀಲಿ ಕೊಡದು. ಉಪ್ಪು ಪರೀಕ್ಷೆಯ ಕಿಟ್‌ನಲ್ಲಿ ಅಯೋಡೈಡ್ ಮತ್ತು ಆಮ್ಲ ಇರುವುದು ಅದಕ್ಕೇ.

ಪಟಿಕದ ಹರಳು, ನಿಂಬೆ ಬ್ಯಾಟರಿ

ಹರಳು ಕಟ್ಟದಿದ್ದರೆ ಪಟಿಕ ಯಾವುದೆಂದು ನೋಡಿ. ಕ್ಷೌರದಂಗಡಿಯ ಗಾಜಿನಂಥ ಗಡ್ಡೆ ಬೇಕು. ನೀರು ತಿಳಿಗೊಳಿಸಲು ಮಾರುವ ಕಂದು ಛಾಯೆಯ ಗಡ್ಡೆ ಅಲ್ಯೂಮಿನಿಯಂ ಸಲ್ಫೇಟ್, ಅದರಿಂದ ಚೆಂದದ ಹರಳು ಬರುವುದಿಲ್ಲ. 100 ಮಿಲಿ ಬಿಸಿನೀರಿಗೆ 25 ಗ್ರಾಂ ಪುಡಿ ಕರಗಿಸಿ ಸೋಸಿ. ಫ್ರಿಜ್ಜಿನಲ್ಲಿಟ್ಟು ಅವಸರ ಮಾಡಿದರೆ ಸಕ್ಕರೆಯಂಥ ಪುಡಿ ಹರಳೇ ಬರುತ್ತದೆ. ಬಟ್ಟೆ ಮುಚ್ಚಿ ಅಲುಗದ ಮೂಲೆಯಲ್ಲಿ ಒಂದು ವಾರ ಬಿಡಿ.

ನಿಂಬೆ ಬ್ಯಾಟರಿಯಲ್ಲಿ ಎಲ್‌ಇಡಿ ಹೊತ್ತದಿದ್ದರೆ ಮೊದಲು ಎಲ್‌ಇಡಿಯ ಕಾಲು ತಿರುಗಿಸಿ ನೋಡಿ, ಉದ್ದ ಕಾಲು ತಾಮ್ರದ ಕಡೆಗಿರಬೇಕು. ತಾಮ್ರ–ಸತುವಿನ ಒಂದು ಹಣ್ಣು ಕೊಡುವುದು ಸುಮಾರು 0.9 ವೋಲ್ಟ್, ಕೆಂಪು ಎಲ್‌ಇಡಿಗೆ ಬೇಕಾದದ್ದು 1.8ರ ಆಸುಪಾಸು. ಎರಡು ಹಣ್ಣಿನ ಲೆಕ್ಕ ಕಾಗದದ ಮೇಲೆ ಸರಿ, ಆದರೆ ವಿದ್ಯುತ್ ಹರಿದಾಗ ವೋಲ್ಟೇಜ್ ಕುಸಿಯುತ್ತದೆ, ನಾಲ್ಕು ಹಣ್ಣು ಸರಣಿಯಲ್ಲಿ ಜೋಡಿಸಿ ಕತ್ತಲೆಯಲ್ಲಿ ನೋಡಿ. ಬಿಳಿ ಎಲ್‌ಇಡಿಗೆ 3 ವೋಲ್ಟ್ ಬೇಕು, ಅದನ್ನು ಬಿಡಿ. ಇವತ್ತಿನ ಒಂದು, ಎರಡು ರೂಪಾಯಿ ನಾಣ್ಯ ಸ್ಟೇನ್‌ಲೆಸ್ ಸ್ಟೀಲ್, ತಾಮ್ರದ ಬದಲಿಗೆ ಬಾರದು. ವೈರಿಂಗ್ ಅಂಗಡಿಯ ತುಂಡು ತಾಮ್ರದ ತಂತಿ ಸಾಕು. ಮೋಟಾರ್ ವೈಂಡಿಂಗ್ ತಂತಿಯಾದರೆ ಅದರ ಮೇಲಿನ ವಾರ್ನಿಷ್ ಉಜ್ಜಿ ತೆಗೆಯಬೇಕು. ಸತುವಿಗೆ ಬಟ್ಟೆ ಒಣಹಾಕುವ ಹೊಸ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ. ಕಂದು ತುಕ್ಕು ಕಂಡ ತಂತಿಯಲ್ಲಿ ಸತು ಹೋಗಿ ಕಬ್ಬಿಣ ಉಳಿದಿದೆ, ವೋಲ್ಟೇಜ್ 0.5ರ ಸುತ್ತ ಇಳಿಯುತ್ತದೆ. ಎರಡು ತಂತಿ ಹಣ್ಣಿನೊಳಗೆ ಒಂದಕ್ಕೊಂದು ತಾಗಬಾರದು. ಆ ಹಣ್ಣಿನಲ್ಲಿ ಸತು, ತಾಮ್ರ ಕರಗಿರುತ್ತವೆ, ಪಾನಕಕ್ಕೆ ಹಿಂಡದೆ ಎಸೆಯಿರಿ.

ಮುಗಿದ ಮೇಲೆ

ಬ್ಲೀಚಿಂಗ್ ಪುಡಿ, ಟಾಯ್ಲೆಟ್ ಕ್ಲೀನರ್, ಚರಂಡಿ ಬಿಡಿಸುವ ಪುಡಿ ಈ ಮೇಜಿನ ಹತ್ತಿರವೂ ಬರಬಾರದು. ಬ್ಲೀಚಿಗೆ ಆಮ್ಲ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ, ವಿನೆಗರ್ ಬಿದ್ದರೂ ಅಷ್ಟೇ. ಉಳಿದ ಸುಣ್ಣದ ತಿಳಿಗೆ ಅರಿಶಿನ ಕಾಗದ ಹಳದಿಯಾಗಿ ಉಳಿಯುವಷ್ಟು ವಿನೆಗರ್ ಹಾಕಿ ಮೋರಿಗೆ ಚೆಲ್ಲಿ. ನಾಳೆಗೆ ಇಡುವುದಾದರೆ ಕುಡಿಯುವ ನೀರಿನ ಬಾಟಲಿಯಲ್ಲಿ ಇಡಬೇಡಿ: ತಿಳಿ ನೋಡಲು ನೀರಿನಂತೆಯೇ ಇರುತ್ತದೆ, ಆಟ ಮುಗಿಸಿ ಬಾಯಾರಿ ಬಂದ ಮಗು ಮೊದಲು ಕೈಹಾಕುವುದು ಆ ಬಾಟಲಿಗೇ. ಬೇರೆ ಆಕಾರದ ಬಾಟಲಿಗೆ "ಸುಣ್ಣದ ತಿಳಿ, ಕುಡಿಯಬಾರದು" ಎಂದು ದಪ್ಪಕ್ಷರದಲ್ಲಿ ಬರೆದು, ತಾರೀಕು ಹಾಕಿ, ಬೀಗವಿರುವ ಕಪಾಟಿನಲ್ಲಿಡಿ.